ಹಿಮದ ನಡುವೆ ದಿನಕ್ಕೆ ಮೂರು ಬಾರಿ

ವಾರ್ತೆಯ ಕೊನೆಯಲ್ಲಿ ಬರುವ ಹವಾಮಾನ ವರದಿಯನ್ನು ನೀವೆಲ್ಲ ಕೇಳಿರುತ್ತೀರಿ. ಇಂದಿನ ಗರಿಷ್ಠ ಉಷ್ಣತೆ ಇಷ್ಟು, ಕನಿಷ್ಠ ಇಷ್ಟು, ನಾಳೆ ಕರಾವಳಿಯಲ್ಲಿ ಮಳೆ, ಒಳನಾಡಿನಲ್ಲಿ ಒಣಹವೆ ಎಂದು ವರದಿಗಾರರು ಹೇಳಿ ಮುಗಿಸುತ್ತಾರೆ. ಆ ಅಂಕಿಗಳು ಎಲ್ಲಿಂದ ಬಂದವು ಎಂದು ಎಂದಾದರೂ ಯೋಚಿಸಿದ್ದೀರಾ? ಯಾರೋ ಒಬ್ಬರು ಎಲ್ಲೋ ಒಂದು ಕಡೆ ನಿಗದಿಯಾದ ಗಳಿಗೆಗೆ ಸರಿಯಾಗಿ ಉಷ್ಣಮಾಪಕದ ಮುಂದೆ ನಿಂತು ಓದಿದ್ದಾರೆ, ಓದಿದ್ದನ್ನು ಪುಸ್ತಕದಲ್ಲಿ ಬರೆದಿದ್ದಾರೆ. ಇಂದು ಬಹಳ ಕಡೆ ಆ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. ಆದರೆ ವಾಯುಮಂಡಲದ ವಿಜ್ಞಾನ ಬೆಳೆದದ್ದು ಮನುಷ್ಯರ ಕಣ್ಣು, ಕೈ ಮತ್ತು ತಾಳ್ಮೆಯಿಂದ.

ಆ ತಾಳ್ಮೆಗೆ ಅತ್ಯಂತ ಕಠಿಣವಾದ ಪರೀಕ್ಷೆ ನಡೆದ ಒಂದು ಸ್ಥಳದ ಕಥೆಯನ್ನು ಇಲ್ಲಿ ಹೇಳುತ್ತೇವೆ. ಆ ಸ್ಥಳದಲ್ಲಿ ಊರಿಲ್ಲ, ಮರವಿಲ್ಲ, ಕಲ್ಲು ಕೂಡ ಇಲ್ಲ. ಗ್ರೀನ್‌ಲ್ಯಾಂಡ್ ಎಂಬ ಮಹಾದ್ವೀಪದ ನಟ್ಟನಡುವೆ, ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ, ಕಣ್ಣು ಹಾಯಿಸಿದಷ್ಟು ದೂರವೂ ಬರಿಯ ಹಿಮ. ಅಲ್ಲಿ 1930ರ ಜುಲೈನಿಂದ ಒಂದು ವರ್ಷ ಕಾಲ ನಡೆದ ವೀಕ್ಷಣಾ ಕೇಂದ್ರದ ಹೆಸರು ಐಸ್‌ಮಿಟ್ಟೆ. ಜರ್ಮನ್ ಭಾಷೆಯ ಈ ಮಾತಿಗೆ ‘ಹಿಮದ ನಡುಮಧ್ಯ’ ಎಂದರ್ಥ.

ಎಲ್ಲೆಡೆ, ಒಂದೇ ಕ್ರಮದಲ್ಲಿ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರಧ್ರುವದ ಕಡೆಗೆ ಹೋದವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಒಂದೇ ಹಂಬಲ: ಇತರರಿಗಿಂತ ಒಂದು ಹೆಜ್ಜೆ ಮುಂದೆ ಹೋಗುವುದು, ಹೊಸ ನೆಲದಲ್ಲಿ ತಮ್ಮ ದೇಶದ ಬಾವುಟ ನೆಡುವುದು. ಈ ಪೈಪೋಟಿಯಿಂದ ವಿಜ್ಞಾನಕ್ಕೆ ದೊರೆಯುವುದು ಅತ್ಯಲ್ಪ ಎಂದು ಬಿಚ್ಚಿ ಹೇಳಿದವನು ಆಸ್ಟ್ರಿಯಾ-ಹಂಗೆರಿಯ ನೌಕಾಧಿಕಾರಿ ಕಾರ್ಲ್ ವೈಪ್ರೆಕ್ಟ್. ಅವನ ಹಡಗು 1872ರಿಂದ 1874ರವರೆಗೆ ಉತ್ತರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತ್ತು. ಮರಳಿ ಬಂದ ಮೇಲೆ, 1875ರಲ್ಲಿ ಗ್ರಾಟ್ಸ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಅವನು ಒಂದು ಸಲಹೆ ಮುಂದಿಟ್ಟ. ಧ್ರುವದ ಸುತ್ತ ಹಲವು ದೇಶಗಳು ಸ್ಥಿರ ಕೇಂದ್ರಗಳನ್ನು ಹೂಡಬೇಕು. ಎಲ್ಲ ಕೇಂದ್ರಗಳೂ ಒಂದೇ ಬಗೆಯ ಉಪಕರಣಗಳಿಂದ, ಒಂದೇ ಕ್ರಮದಲ್ಲಿ, ಒಂದು ವರ್ಷ ಪೂರ್ತಿ ವೀಕ್ಷಣೆ ನಡೆಸಬೇಕು. ಹಾಗೆ ಮಾಡಿದಾಗ ಮಾತ್ರ ಗಾಳಿಯ ನಡೆ, ಭೂಕಾಂತದ ಏರಿಳಿತ, ಧ್ರುವಪ್ರಭೆಯ ಗುಟ್ಟು ತಿಳಿದೀತು.

ವೈಪ್ರೆಕ್ಟ್ 1881ರಲ್ಲಿ ತೀರಿಕೊಂಡ. ಅವನ ಯೋಜನೆ 1882-83ರಲ್ಲಿ ‘ಮೊದಲನೆಯ ಅಂತರರಾಷ್ಟ್ರೀಯ ಧ್ರುವ ವರ್ಷ’ ಎಂಬ ಹೆಸರಿನಲ್ಲಿ ಕೈಗೂಡಿತು. ಅದರ ಬೆಲೆ ಸಣ್ಣದಾಗಿರಲಿಲ್ಲ. ಅಡಾಲ್ಫಸ್ ಗ್ರೀಲಿಯ ನೇತೃತ್ವದಲ್ಲಿ ದೂರದ ಎಲ್ಸ್‌ಮೀರ್ ದ್ವೀಪಕ್ಕೆ ಹೋದ ಅಮೆರಿಕದ ತಂಡಕ್ಕೆ ಎರಡು ವರ್ಷ ಸತತವಾಗಿ ಆಹಾರದ ಹಡಗು ತಲುಪಲಿಲ್ಲ. 25 ಮಂದಿಯಲ್ಲಿ ಜೀವಂತವಾಗಿ ಊರು ಸೇರಿದವರು 6 ಮಂದಿ ಮಾತ್ರ. ಹಸಿವಿನಲ್ಲಿ ಒಬ್ಬೊಬ್ಬರಾಗಿ ಸಾಯುತ್ತಿದ್ದಾಗಲೂ ಅವರು ತಮ್ಮ ವೀಕ್ಷಣೆಯ ದಾಖಲೆಗಳನ್ನು ಕೈಬಿಡಲಿಲ್ಲ. ಆ ದಾಖಲೆಗಳನ್ನು ಇಂದಿಗೂ ವಿಜ್ಞಾನಿಗಳು ತೆರೆದು ನೋಡುತ್ತಾರೆ.

ಆದರೆ ಆ ಕೇಂದ್ರಗಳಲ್ಲಿ ಹೆಚ್ಚಿನವು ಕಡಲ ತೀರದಲ್ಲಿದ್ದವು. ಗ್ರೀನ್‌ಲ್ಯಾಂಡಿನ ಒಳಗಿನ ಹಿಮದ ಪ್ರಸ್ಥಭೂಮಿಯ ಮೇಲೆ ಚಳಿಗಾಲದಲ್ಲಿ ಏನು ನಡೆಯುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಚಳಿಗಾಲ ಕಳೆದವರೇ ಇರಲಿಲ್ಲ.

ಭೂಪಟದ ಆಚೆಗಿನ ವೇಗೆನರ್

ಆಲ್ಫ್ರೆಡ್ ವೇಗೆನರ್ ಎಂಬ ಹೆಸರನ್ನು ನೀವು ಭೂಗೋಳದ ಪಾಠದಲ್ಲಿ ಓದಿದ್ದೀರಿ. ದಕ್ಷಿಣ ಅಮೆರಿಕದ ಪೂರ್ವ ಅಂಚು ಮತ್ತು ಆಫ್ರಿಕದ ಪಶ್ಚಿಮ ಅಂಚು ಒಂದಕ್ಕೊಂದು ಹೊಂದುತ್ತವೆ, ಖಂಡಗಳು ಒಮ್ಮೆ ಕೂಡಿದ್ದು ಆಮೇಲೆ ಸರಿದು ದೂರವಾದವು ಎಂಬ ವಾದವನ್ನು 1912ರಲ್ಲಿ ಮಂಡಿಸಿದವರು ಅವರೇ. ಪಠ್ಯಪುಸ್ತಕ ಹೆಚ್ಚಾಗಿ ಹೇಳದ ಸಂಗತಿಯೆಂದರೆ, ವೇಗೆನರ್ ವೃತ್ತಿಯಿಂದ ಭೂವಿಜ್ಞಾನಿಯಲ್ಲ, ಹವಾಮಾನ ವಿಜ್ಞಾನಿ.

ಅವರು ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್ ನಗರದಲ್ಲಿ. ಓದಿದ್ದು ಖಗೋಳ ವಿಜ್ಞಾನ. ಮನಸ್ಸು ಹರಿದದ್ದು ಗಾಳಿಯ ಕಡೆಗೆ. 1906ರಲ್ಲಿ ಅಣ್ಣ ಕುರ್ಟ್ ಜೊತೆಗೆ ಬಲೂನಿನಲ್ಲಿ 52 ಗಂಟೆ ಎಡೆಬಿಡದೆ ತೇಲಿ ದಾಖಲೆ ಸ್ಥಾಪಿಸಿದರು. ಅದೇ ವರ್ಷ ಡೆನ್ಮಾರ್ಕಿನ ತಂಡದೊಡನೆ ಮೊದಲ ಬಾರಿಗೆ ಗ್ರೀನ್‌ಲ್ಯಾಂಡಿಗೆ ಹೋಗಿ ಎರಡು ಚಳಿಗಾಲ ಅಲ್ಲಿದ್ದರು. ಗಾಳಿಪಟ ಮತ್ತು ಬಲೂನುಗಳಿಗೆ ಉಪಕರಣ ಕಟ್ಟಿ ಮೇಲಿನ ಗಾಳಿಯನ್ನು ಅಳೆದರು. 1912-13ರಲ್ಲಿ ಯೊಹಾನ್ ಪೀಟರ್ ಕೋಕ್ ಜೊತೆಗೂಡಿ ಗ್ರೀನ್‌ಲ್ಯಾಂಡಿನ ಹಿಮವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು.

1911ರಲ್ಲಿ ಅವರು ವಾಯುಮಂಡಲದ ಶಾಖಶಾಸ್ತ್ರದ ಬಗ್ಗೆ ಒಂದು ಪಠ್ಯಗ್ರಂಥ ಬರೆದರು. ಅದರಲ್ಲಿ ಒಂದು ಮುಖ್ಯ ವಿಚಾರವಿದೆ. ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಾಗಿಯೂ ಹೆಪ್ಪುಗಟ್ಟದ ನೀರಿನ ಹನಿಗಳಿರುತ್ತವೆ. ಅವುಗಳ ನಡುವೆ ಒಂದು ಹಿಮದ ಹರಳು ಇದ್ದರೆ ಆವಿ ಹರಳಿನ ಕಡೆಗೆ ಸರಿಯುತ್ತದೆ; ಹನಿಗಳು ಸವೆಯುತ್ತವೆ, ಹರಳು ಬೆಳೆಯುತ್ತದೆ. ಮುಂದೆ ಇತರರು ಬೆಳೆಸಿದ ಈ ತತ್ತ್ವವೇ ತಣ್ಣನೆಯ ಮೋಡಗಳು ಮಳೆಗರೆಯುವ ಬಗೆಯನ್ನು ವಿವರಿಸುತ್ತದೆ. ಮೋಡ ಬಿತ್ತನೆಯ ಸುದ್ದಿಯಲ್ಲಿ ನೀವು ಕೇಳಿರುವ ‘ಸಿಲ್ವರ್ ಅಯೊಡೈಡ್’ ಎಂಬ ರಾಸಾಯನಿಕ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಹವಾಮಾನವಲಯಗಳ ವರ್ಗೀಕರಣಕ್ಕೆ ಹೆಸರಾದ ವ್ಲಾಡಿಮಿರ್ ಕ್ಯೋಪನ್ ವೇಗೆನರ್ ಅವರ ಮಾವ. 1924ರಲ್ಲಿ ವೇಗೆನರ್ ಪ್ರಾಧ್ಯಾಪಕರಾದದ್ದು ಗ್ರಾಟ್ಸ್ ನಗರದಲ್ಲಿ. ಅರ್ಧ ಶತಮಾನದ ಹಿಂದೆ ವೈಪ್ರೆಕ್ಟ್ ತನ್ನ ಸಲಹೆಯನ್ನು ಮುಂದಿಟ್ಟದ್ದು ಆ ಊರಿನಲ್ಲೇ.

ಮೂರು ಕೇಂದ್ರಗಳ ಯೋಜನೆ

ಗ್ರೀನ್‌ಲ್ಯಾಂಡಿನ ನಡುಭಾಗ ಏಕೆ ಬೇಕಿತ್ತು? ಆ ಕಾಲದಲ್ಲಿ ಒಂದು ಸಿದ್ಧಾಂತ ಪ್ರಚಾರದಲ್ಲಿತ್ತು. ಹಿಮದ ಮೇಲೆ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಆದ್ದರಿಂದ ಗ್ರೀನ್‌ಲ್ಯಾಂಡಿನ ಮೇಲೆ ಸದಾ ಅಧಿಕ ಒತ್ತಡದ ಒಂದು ಗುಮ್ಮಟ ನಿಂತಿರುತ್ತದೆ, ಉತ್ತರ ಗೋಳಾರ್ಧದ ಹವೆಯನ್ನು ಅದೇ ಬಹುಮಟ್ಟಿಗೆ ನಡೆಸುತ್ತದೆ ಎಂದು ಅಮೆರಿಕದ ಭೂವಿಜ್ಞಾನಿ ವಿಲಿಯಂ ಹಾಬ್ಸ್ ವಾದಿಸಿದ್ದರು. ನಿಜವೇ? ಅಲ್ಲಿ ಹೋಗಿ ಅಳೆಯದೆ ಹೇಳುವಂತಿರಲಿಲ್ಲ. ಇನ್ನೊಂದು ಕಾರಣ ವಿಮಾನ. ಯುರೋಪಿನಿಂದ ಅಮೆರಿಕಕ್ಕೆ ಹಾರುವ ಹತ್ತಿರದ ದಾರಿಗಳು ಉತ್ತರದಲ್ಲಿವೆ. ಆ ಹಾದಿಯ ಗಾಳಿಯನ್ನು ಅರಿಯಬೇಕಿತ್ತು. ಯೋಹಾನ್ನೆಸ್ ಗಿಯೋರ್ಗಿ ಎಂಬ ಹವಾಮಾನ ವಿಜ್ಞಾನಿ 1926-27ರಲ್ಲಿ ಐಸ್‌ಲ್ಯಾಂಡಿನಿಂದ ಬಲೂನುಗಳನ್ನು ಹಾರಿಸಿ, ಎತ್ತರದಲ್ಲಿ ಅತಿವೇಗದ ಗಾಳಿ ಬೀಸುವುದನ್ನು ಕಂಡಿದ್ದರು. ಅದರ ಮೂಲ ಎಲ್ಲಿ ಎಂಬ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ.

ವೇಗೆನರ್ ಮೂರು ಕೇಂದ್ರಗಳನ್ನು ಯೋಜಿಸಿದರು. ಪಶ್ಚಿಮ ತೀರದ ಬಳಿ ಒಂದು, ಪೂರ್ವ ತೀರದಲ್ಲಿ ಒಂದು, ಎರಡರ ನಡುವೆ ಪಶ್ಚಿಮ ಕೇಂದ್ರದಿಂದ ಸುಮಾರು 400 ಕಿಲೋಮೀಟರ್ ಒಳಗೆ ಐಸ್‌ಮಿಟ್ಟೆ. ಮೂರೂ ಸರಿಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 1929ರ ಬೇಸಿಗೆಯಲ್ಲಿ ಗಿಯೋರ್ಗಿ, ಅರ್ನ್ಸ್ಟ್ ಸೋರ್ಗೆ ಮತ್ತು ಫ್ರಿಟ್ಸ್ ಲೋವೆ ಅವರೊಡನೆ ವೇಗೆನರ್ ದಾರಿ ನೋಡಿಕೊಂಡು ಬಂದರು. ಮರುವರ್ಷ ಮುಖ್ಯ ತಂಡ ಹೊರಟಿತು.

ಮೊದಲ ಪೆಟ್ಟು ಕಡಲಿನಿಂದಲೇ ಬಿತ್ತು. ತೀರದ ಮಂಜುಗಡ್ಡೆ ಒಡೆಯದೆ ಐದು ವಾರಗಳಿಗೂ ಹೆಚ್ಚು ಕಾಲ ಸಾಮಾನು ಇಳಿಸಲಾಗಲಿಲ್ಲ. ಆಮೇಲೆ ಅಷ್ಟೂ ಸರಕನ್ನು ಐಸ್‌ಲ್ಯಾಂಡಿನಿಂದ ತಂದ 25 ಕುದುರೆಗಳ ಸಹಾಯದಿಂದ ಹಿಮನದಿಯ ಮೇಲಕ್ಕೆ ಏರಿಸಬೇಕಾಯಿತು. ವಿಮಾನದ ಎಂಜಿನ್ ಜೋಡಿಸಿದ ಎರಡು ಜಾರುಬಂಡಿಗಳ ಮೇಲೆ ತಂಡ ಬಹಳ ನೆಚ್ಚಿಕೆ ಇಟ್ಟಿತ್ತು. ಮೆತ್ತನೆಯ ಹೊಸ ಹಿಮದಲ್ಲಿ, ಎದುರುಗಾಳಿಯಲ್ಲಿ ಅವು ಅರ್ಧ ದಾರಿಯಲ್ಲೇ ಸೋತವು. ಕೊನೆಗೆ ಕೆಲಸಕ್ಕೆ ಬಂದದ್ದು ಗ್ರೀನ್‌ಲ್ಯಾಂಡಿನ ಜನ ತಲೆತಲಾಂತರದಿಂದ ಬಳಸುತ್ತಿದ್ದ ನಾಯಿಬಂಡಿಯೇ.

ಒಂದು ಪತ್ರ

ಗಿಯೋರ್ಗಿ 1930ರ ಜುಲೈ 30ರಂದು ಐಸ್‌ಮಿಟ್ಟೆ ಕೇಂದ್ರವನ್ನು ಹೂಡಿದರು. ಜೊತೆಗೆ ಬಂದವರು ಹಿಂತಿರುಗಿದ ಮೇಲೆ ಅವರು ಒಂಟಿಯಾಗಿ ವೀಕ್ಷಣೆ ಆರಂಭಿಸಿದರು. ಸೆಪ್ಟೆಂಬರ್‌ನಲ್ಲಿ ಸೋರ್ಗೆ ಬಂದು ಸೇರಿದರು. ಬರಬೇಕಾಗಿದ್ದ ಮರದ ಮನೆ ಬರಲಿಲ್ಲ. ರೇಡಿಯೋ ಉಪಕರಣ ಬರಲಿಲ್ಲ. ಸೀಮೆಎಣ್ಣೆಯೂ ಸಾಲದಾಗಿತ್ತು. ಮರಳಿ ಹೋಗುತ್ತಿದ್ದ ಬಂಡಿಯವರ ಕೈಯಲ್ಲಿ ಇಬ್ಬರೂ ಒಂದು ಪತ್ರ ಕಳುಹಿಸಿದರು: ಅಕ್ಟೋಬರ್ 20ರೊಳಗೆ ಇಂಧನ ಮತ್ತಿತರ ಸಾಮಗ್ರಿ ತಲುಪದಿದ್ದರೆ ತಾವು ಕೇಂದ್ರವನ್ನು ಬಿಟ್ಟು, ಕೈಬಂಡಿ ಎಳೆದುಕೊಂಡು ನಡೆದು ಬರುವುದಾಗಿ.

ಈ ಪತ್ರ ವೇಗೆನರ್ ಕೈಸೇರಿದಾಗ ಅವರ ಮುಂದೆ ಇದ್ದ ಲೆಕ್ಕ ಸರಳವಾಗಿತ್ತು. ಆ ಚಳಿಯಲ್ಲಿ 400 ಕಿಲೋಮೀಟರ್ ನಡೆದರೆ ಇಬ್ಬರೂ ಸಾಯುತ್ತಾರೆ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ವೇಗೆನರ್ ಸ್ವತಃ ಹೊರಟರು. ಜೊತೆಗೆ ಲೋವೆ, 13 ಮಂದಿ ಗ್ರೀನ್‌ಲ್ಯಾಂಡಿಗರು, 15 ನಾಯಿಬಂಡಿಗಳು.

ಆದರೆ ಅತ್ತ ಐಸ್‌ಮಿಟ್ಟೆಯಲ್ಲಿ ಪರಿಸ್ಥಿತಿ ಬದಲಾಗಿತ್ತು. ಗಿಯೋರ್ಗಿ ಮತ್ತು ಸೋರ್ಗೆ ಕಾಲಡಿಯ ಗಟ್ಟಿ ಹಿಮವನ್ನು ಕೊರೆದು ಗುಹೆ ಮಾಡಿಕೊಂಡರು. ಹೊರಗೆ ಎಷ್ಟೇ ಚಳಿ ಇರಲಿ, ಹಿಮದ ಒಳಗೆ ಗಾಳಿಯ ಹೊಡೆತವಿಲ್ಲ, ಶಾಖ ಬೇಗ ಸೋರಿಹೋಗುವುದಿಲ್ಲ. ಎಣ್ಣೆಯನ್ನು ಅಳೆದು ಅಳೆದು ಬಳಸಿದರೆ ಚಳಿಗಾಲ ಕಳೆಯಬಹುದು ಎಂದು ಅವರು ಲೆಕ್ಕಹಾಕಿ, ಅಲ್ಲೇ ಉಳಿಯಲು ನಿಶ್ಚಯಿಸಿದರು. ಈ ನಿರ್ಧಾರವನ್ನು ತಿಳಿಸುವ ದಾರಿ ಅವರಿಗಿರಲಿಲ್ಲ. ಒಂದು ರೇಡಿಯೋ ಇದ್ದಿದ್ದರೆ ಎರಡು ವಾಕ್ಯ ಸಾಕಾಗುತ್ತಿತ್ತು.

ದಾರಿಯಲ್ಲಿ ವೇಗೆನರ್ ತಂಡ ಕರಗುತ್ತ ಹೋಯಿತು. ಹಿಮದ ಬಿರುಗಾಳಿ, ಮೈ ಕೊರೆಯುವ ಚಳಿ, ಕುಸಿಯುವ ಮೆತ್ತನೆಯ ಹಿಮ. ಗ್ರೀನ್‌ಲ್ಯಾಂಡಿಗರು ಆ ನೆಲವನ್ನು ಬಲ್ಲವರು. ಈ ಕಾಲದಲ್ಲಿ ಮುಂದೆ ಹೋಗುವುದು ತರವಲ್ಲವೆಂದು ಹೆಚ್ಚಿನವರು ಹಿಂತಿರುಗಿದರು. ಅವರ ವಿವೇಕವನ್ನು ನಾವು ಹೇಡಿತನವೆಂದು ತಿಳಿಯಬಾರದು. ಕೊನೆಗೆ ಉಳಿದವರು ವೇಗೆನರ್, ಲೋವೆ ಮತ್ತು ರಾಸ್ಮಸ್ ವಿಲ್ಲುಮ್ಸೆನ್ ಎಂಬ ಇಪ್ಪತ್ತರ ಹರೆಯದ ಗ್ರೀನ್‌ಲ್ಯಾಂಡಿಗ. ಹೊರೆಯನ್ನು ದಾರಿಯುದ್ದಕ್ಕೂ ಇಳಿಸುತ್ತ ಬಂದು, ಸುಮಾರು 40 ದಿನಗಳ ಪ್ರಯಾಣದ ನಂತರ ಅಕ್ಟೋಬರ್ 30ರಂದು ಮೂವರೂ ಐಸ್‌ಮಿಟ್ಟೆ ತಲುಪಿದರು. ತರಬೇಕೆಂದು ಹೊರಟಿದ್ದ ಎಣ್ಣೆ ಅವರೊಡನೆ ಇರಲಿಲ್ಲ. ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಕೆಳಗಿತ್ತು. ಲೋವೆಯ ಕಾಲ್ಬೆರಳುಗಳು ಹಿಮಕ್ಕೆ ಸಿಕ್ಕಿ ಸತ್ತುಹೋಗಿದ್ದವು.

ಐವರಿಗೆ ಸಾಲುವಷ್ಟು ಆಹಾರ ಅಲ್ಲಿರಲಿಲ್ಲ. ಲೋವೆ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಎರಡು ದಿನ ವಿಶ್ರಮಿಸಿ, 1930ರ ನವೆಂಬರ್ 1ರಂದು ವೇಗೆನರ್ ಮತ್ತು ವಿಲ್ಲುಮ್ಸೆನ್ ಎರಡು ನಾಯಿಬಂಡಿಗಳೊಡನೆ ಪಶ್ಚಿಮಕ್ಕೆ ಹೊರಟರು. ಅಂದು ವೇಗೆನರ್ ಅವರಿಗೆ 50 ವರ್ಷ ತುಂಬಿತ್ತು.

ಗುಹೆಯಲ್ಲಿ ಒಂದು ದಿನ

ಈಗ ಗುಹೆಯಲ್ಲಿ ಉಳಿದ ಮೂವರ ದಿನಚರಿಯನ್ನು ನೋಡೋಣ. ಹಿಮದಲ್ಲೇ ಕೆತ್ತಿದ ಜಗಲಿಗಳು ಅವರ ಹಾಸಿಗೆ. ಮೇಲೆ ಹಿಮದ ಚಾವಣಿ. ಒಲೆ ಉರಿಸಿದಾಗಲೂ ಒಳಗಿನ ಉಷ್ಣತೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೇ ಇರುತ್ತಿತ್ತು. ಲೋವೆಯ ಬೆರಳುಗಳಿಂದ ನಂಜು ಏರುವುದನ್ನು ತಡೆಯಲು ಗಿಯೋರ್ಗಿ ಅವನ್ನು ಜೇಬಿನ ಚಾಕುವಿನಿಂದ ಕತ್ತರಿಸಬೇಕಾಯಿತು. ಅರಿವಳಿಕೆಯ ಔಷಧ ಇರಲಿಲ್ಲ. ಲೋವೆ ತಿಂಗಳುಗಟ್ಟಲೆ ಮಲಗುಚೀಲದಲ್ಲೇ ಕಳೆದರು.

ಇಷ್ಟರ ನಡುವೆಯೂ ವೀಕ್ಷಣೆ ನಡೆಯಿತು, ದಿನಕ್ಕೆ ಮೂರು ಬಾರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಹೊತ್ತಾದಾಗ ಒಬ್ಬರು ತುಪ್ಪುಳದ ಉಡುಪು ಹೊದ್ದು, ದೀಪ ಹಿಡಿದು, ಸುರಂಗದ ಮೂಲಕ ತೆವಳಿ ಮೇಲೆ ಬರಬೇಕು. ರಾತ್ರಿ ಬಿದ್ದ ಹಿಮ ಬಾಯಿಯನ್ನು ಮುಚ್ಚಿದ್ದರೆ ಅದನ್ನು ಮೊದಲು ತೋಡಿ ತೆಗೆಯಬೇಕು. ಆಮೇಲೆ ಉಷ್ಣತೆ, ಗಾಳಿಯ ದಿಕ್ಕು, ವೇಗ, ಮೋಡದ ಬಗೆ, ಮೋಡ ಆಕಾಶದ ಎಷ್ಟು ಪಾಲನ್ನು ಮುಚ್ಚಿದೆ, ಎಷ್ಟು ದೂರ ಕಾಣುತ್ತಿದೆ, ಹಿಮ ಹಾರುತ್ತಿದೆಯೇ ಬೀಳುತ್ತಿದೆಯೇ ಎಂಬುದನ್ನೆಲ್ಲ ನೋಡಿ ಬರೆದುಕೊಳ್ಳಬೇಕು.

ಕೇಳಲು ಸುಲಭ. ಆದರೆ ಒಂದೊಂದಕ್ಕೂ ಒಂದೊಂದು ತೊಡಕು. ಉಷ್ಣಮಾಪಕದಲ್ಲಿ ನಾವು ಸಾಮಾನ್ಯವಾಗಿ ಬಳಸುವ ಪಾದರಸ ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಅದಕ್ಕಿಂತ ಕೆಳಗಿನ ಚಳಿಯನ್ನು ಅಳೆಯಲು ಆಲ್ಕೋಹಾಲ್ ತುಂಬಿದ ಉಷ್ಣಮಾಪಕವೇ ಬೇಕು. ಓದುವವನ ಉಸಿರು ತಾಕಿದರೆ ಗಾಜಿನ ಮೇಲೆ ಕೂಡಲೇ ಹಿಮದ ಪೊರೆ ಕೂರುತ್ತದೆ. ಉಸಿರು ಬಿಗಿಹಿಡಿದು ಓದಬೇಕು. ಬರೆಯಲು ಕೈಚೀಲ ತೆಗೆದರೆ ಬೆರಳು ಮರಗಟ್ಟುತ್ತದೆ. ತಾನಾಗಿಯೇ ಗೆರೆ ಎಳೆಯುವ ಉಪಕರಣಗಳಿಗೆ ಗಡಿಯಾರದ ಯಂತ್ರವಿರುತ್ತದೆ. ಅದರ ಎಣ್ಣೆ ಚಳಿಗೆ ಮಂದವಾದರೆ ಗಡಿಯಾರ ನಿಲ್ಲುತ್ತದೆ.

ಮೇಲಿನ ಗಾಳಿಯನ್ನು ಅಳೆಯಲು ಬಲೂನು. ಇದರ ಉಪಾಯವನ್ನು ತಿಳಿದುಕೊಳ್ಳಿ, ಬಹಳ ಜಾಣತನದ್ದು. ಬಲೂನಿನಲ್ಲಿ ಗೊತ್ತಾದಷ್ಟೇ ಹಗುರ ಅನಿಲ ತುಂಬಿದರೆ ಅದು ಒಂದು ನಿಮಿಷಕ್ಕೆ ಎಷ್ಟು ಮೀಟರ್ ಏರುತ್ತದೆಂದು ಮೊದಲೇ ಲೆಕ್ಕವಿರುತ್ತದೆ. ಅದನ್ನು ಹಾರಿಬಿಟ್ಟು, ಭೂಮಾಪಕರು ಬಳಸುವ ಥಿಯೊಡೊಲೈಟ್ ಎಂಬ ದೂರದರ್ಶಕದಿಂದ ಹಿಂಬಾಲಿಸಿ, ನಿಮಿಷ ನಿಮಿಷಕ್ಕೂ ಅದರ ಕೋನಗಳನ್ನು ಬರೆದುಕೊಳ್ಳುತ್ತಾರೆ. ಎತ್ತರ ಗೊತ್ತು, ಕೋನ ಗೊತ್ತು. ನೀವು ಪ್ರೌಢಶಾಲೆಯಲ್ಲಿ ಕಲಿಯುವ ತ್ರಿಕೋನಮಿತಿಯಿಂದ ಬಲೂನು ಎಷ್ಟು ದೂರ ತೇಲಿತೆಂದು ಹೇಳಬಹುದು. ಹಾಗೆ ಪ್ರತಿ ಎತ್ತರದಲ್ಲೂ ಗಾಳಿಯ ವೇಗ ಮತ್ತು ದಿಕ್ಕು ತಿಳಿಯುತ್ತದೆ. ಉಪಕರಣವೇ ರೇಡಿಯೋ ಮೂಲಕ ಕೆಳಕ್ಕೆ ವರದಿ ಕಳುಹಿಸುವ ‘ರೇಡಿಯೋಸಾಂಡ್’ ಎಂಬ ಸಾಧನ ಆಗತಾನೆ ಹುಟ್ಟುತ್ತಿತ್ತು. ಫ್ರಾನ್ಸಿನಲ್ಲಿ 1929ರಲ್ಲಿ, ರಷ್ಯದಲ್ಲಿ 1930ರಲ್ಲಿ ಅದರ ಮೊದಲ ಪ್ರಯೋಗಗಳು ನಡೆದಿದ್ದವು. ಬೆಂಗಳೂರು, ಮಂಗಳೂರುಗಳಿಂದ ಹವಾಮಾನ ಇಲಾಖೆಯವರು ಹಾರಿಸುವ ಬಲೂನುಗಳು ಅದರ ಸಂತತಿಯೇ.

ಸೋರ್ಗೆಯ ಕೆಲಸ ಕೆಳಮುಖವಾಗಿತ್ತು. ಗುಹೆಯಿಂದ ಕೆಳಕ್ಕೆ ಬಾವಿ ತೋಡುವಂತೆ ಅವರು ಹಿಮವನ್ನು ತೋಡಿದರು. ಸುಮಾರು 15 ಮೀಟರ್ ಆಳದವರೆಗೆ ಹಿಮದ ಗಟ್ಟಿಗಳನ್ನು ಕತ್ತರಿಸಿ, ತೂಗಿ, ಸಾಂದ್ರತೆ ಕಂಡುಹಿಡಿದರು. ಬೇಸಿಗೆಯ ಹಿಮಕ್ಕೂ ಚಳಿಗಾಲದ ಹಿಮಕ್ಕೂ ಕಣದಲ್ಲಿ ವ್ಯತ್ಯಾಸವಿದೆ. ಆದ್ದರಿಂದ ಮರದ ಕಾಂಡದ ಉಂಗುರಗಳಂತೆ ಹಿಮದ ಪದರಗಳಲ್ಲಿಯೂ ವರ್ಷಗಳನ್ನು ಗುರುತಿಸಬಹುದು. ವರ್ಷವರ್ಷವೂ ಒಂದೇ ಪ್ರಮಾಣದ ಹಿಮ ಬೀಳುತ್ತಿದ್ದು ಉಷ್ಣತೆಯೂ ಬದಲಾಗದಿದ್ದರೆ, ಒಂದು ಆಳದಲ್ಲಿ ಹಿಮದ ಸಾಂದ್ರತೆ ಕಾಲ ಕಳೆದರೂ ಬದಲಾಗುವುದಿಲ್ಲ ಎಂಬ ಅವರ ತೀರ್ಮಾನವನ್ನು ಮುಂದೆ ‘ಸೋರ್ಗೆಯ ನಿಯಮ’ ಎಂದು ಕರೆದರು.

ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಮರೆಯಾದ. ಜನವರಿಯವರೆಗೆ ಅವನ ಸುಳಿವಿರಲಿಲ್ಲ. 1931ರ ಮಾರ್ಚ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 65 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು.

ಮೇ ತಿಂಗಳ ಸುದ್ದಿ

ಆ ಚಳಿಗಾಲದುದ್ದಕ್ಕೂ ಎರಡು ಕಡೆಯವರು ಎರಡು ನಂಬಿಕೆಗಳೊಡನೆ ಬದುಕಿದರು. ವೇಗೆನರ್ ಕ್ಷೇಮವಾಗಿ ಪಶ್ಚಿಮ ಕೇಂದ್ರ ತಲುಪಿದ್ದಾರೆಂದು ಐಸ್‌ಮಿಟ್ಟೆಯ ಮೂವರು ತಿಳಿದಿದ್ದರು. ವೇಗೆನರ್ ಐಸ್‌ಮಿಟ್ಟೆಯಲ್ಲೇ ಚಳಿಗಾಲ ಕಳೆಯುತ್ತಿದ್ದಾರೆಂದು ಪಶ್ಚಿಮ ಕೇಂದ್ರದವರು ತಿಳಿದಿದ್ದರು. 1931ರ ಮೇ 7ರಂದು ಪಶ್ಚಿಮದಿಂದ ತಂಡ ಬಂದಾಗ ಎರಡೂ ನಂಬಿಕೆಗಳು ಒಟ್ಟಿಗೆ ಕುಸಿದವು.

ಹುಡುಕಾಟ ನಡೆಯಿತು. ಮೇ 12ರಂದು, ತೀರದಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಹಿಮದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಜೊತೆ ಹಿಮಜಾರುಪಟ್ಟಿಗಳು ಕಂಡವು. ಅವುಗಳ ಕೆಳಗೆ ವೇಗೆನರ್ ಅವರ ದೇಹವಿತ್ತು. ಮಲಗುಚೀಲದ ಹೊದಿಕೆಯಲ್ಲಿ ಸುತ್ತಿ, ಹಿಮಸಾರಂಗದ ಚರ್ಮ ಹಾಸಿ, ಗೌರವದಿಂದ ಸಮಾಧಿ ಮಾಡಲಾಗಿತ್ತು. ದೇಹದ ಮೇಲೆ ಹಿಮ ಕಡಿತದ ಸಣ್ಣಪುಟ್ಟ ಗುರುತುಗಳಷ್ಟೇ ಇದ್ದವು. ಒಂದು ಬಂಡಿ ದಾರಿಯಲ್ಲೇ ಬಿಟ್ಟುಹೋಗಿದ್ದು ಸಿಕ್ಕಿತ್ತು. ಉಳಿದ ಬಂಡಿಯ ಪಕ್ಕದಲ್ಲಿ ಅವರು ಜಾರುಪಟ್ಟಿ ತೊಟ್ಟು ಸಾಗಿದ್ದಿರಬೇಕು, ಅತಿಯಾದ ದೇಹಶ್ರಮದಿಂದ ಹೃದಯ ಸೋತಿರಬೇಕು ಎಂದು ಜೊತೆಗಾರರು ಊಹಿಸಿದರು.

ಸಮಾಧಿ ಮಾಡಿದವನು ರಾಸ್ಮಸ್ ವಿಲ್ಲುಮ್ಸೆನ್. ವೇಗೆನರ್ ಅವರ ದಿನಚರಿಯನ್ನು ತೆಗೆದುಕೊಂಡು ಅವನು ಒಬ್ಬನೇ ಮುಂದೆ ಹೋಗಿದ್ದಾನೆ. ಅವನ ದೇಹವಾಗಲಿ, ಆ ದಿನಚರಿಯಾಗಲಿ ಇಂದಿಗೂ ದೊರೆತಿಲ್ಲ. ವೇಗೆನರ್ ಅವರ ಬಗ್ಗೆ ಹತ್ತಾರು ಪುಸ್ತಕಗಳಿವೆ. ಹಿಂತಿರುಗಬಹುದಾಗಿದ್ದರೂ ಹಿಂತಿರುಗದೆ, ಸತ್ತ ಸಂಗಾತಿಯನ್ನು ದಾರಿಬದಿಗೆ ಬಿಡದೆ, ಅವರ ಬರಹವನ್ನು ಎದೆಗವಚಿಕೊಂಡು ಹೋದ ಈ ತರುಣನ ಹೆಸರನ್ನೂ ನೀವು ನೆನಪಿಡಬೇಕು.

ಸೋರ್ಗೆ ಮತ್ತು ಲೋವೆ ಪಶ್ಚಿಮಕ್ಕೆ ಹೊರಟರು. ಗಿಯೋರ್ಗಿ ಮಾತ್ರ ಹೊರಡಲಿಲ್ಲ. ಜುಲೈ ಕಳೆಯದೆ ಒಂದು ವರ್ಷದ ದಾಖಲೆ ಪೂರ್ತಿಯಾಗುತ್ತಿರಲಿಲ್ಲ. ಅಷ್ಟೆಲ್ಲ ತೆತ್ತ ಮೇಲೆ ಅದು ಅರ್ಧಕ್ಕೆ ನಿಲ್ಲಬಾರದೆಂದು ಅವರು ಮತ್ತೆ ಒಂಟಿಯಾಗಿ ಉಳಿದು ವೀಕ್ಷಣೆ ಮುಂದುವರಿಸಿದರು. ತಂಡದ ನೇತೃತ್ವವನ್ನು ಅಣ್ಣ ಕುರ್ಟ್ ವೇಗೆನರ್ ವಹಿಸಿಕೊಂಡರು.

ಏನು ದೊರೆಯಿತು?

ಇಷ್ಟು ಕಷ್ಟದಿಂದ ದೊರೆತದ್ದೇನು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಗ್ರೀನ್‌ಲ್ಯಾಂಡಿನ ನಡುವಿನ ಹಿಮದ ಮೇಲೆ ಒಂದು ಪೂರ್ಣ ವರ್ಷ ಉಷ್ಣತೆ, ಒತ್ತಡ, ಗಾಳಿ ಹೇಗಿರುತ್ತವೆ ಎಂಬುದು ಮೊದಲ ಬಾರಿಗೆ ತಿಳಿಯಿತು. ವರ್ಷದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ. ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ತಣ್ಣಗಾಗುವುದರಿಂದ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಹೆಚ್ಚು ತಣ್ಣಗಿರುತ್ತದೆ. ಆ ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಹರಿದು ತೀರದ ಕಡೆಗೆ ಬೀಸುತ್ತದೆ. ಆದರೆ ಸದಾ ಕದಲದೆ ನಿಂತ ಅಧಿಕ ಒತ್ತಡದ ಗುಮ್ಮಟ ಎಂಬ ಚಿತ್ರ ಪೂರ್ತಿ ಸರಿಯಲ್ಲವೆಂದೂ ಕಂಡಿತು. ಒತ್ತಡ ಏರಿಳಿಯುತ್ತಿತ್ತು, ಬಿರುಗಾಳಿ ಮತ್ತು ಹಿಮಪಾತ ಅಲ್ಲಿಗೂ ಬರುತ್ತಿದ್ದವು. ಸಿದ್ಧಾಂತವನ್ನು ತಿದ್ದಿದ್ದು ವಾಗ್ವಾದವಲ್ಲ, ದಿನಕ್ಕೆ ಮೂರು ಬಾರಿ ಬರೆದ ಅಂಕಿಗಳು.

1931ರ ಬೇಸಿಗೆಯಲ್ಲಿ ಹಿಮದ ಮೇಲೆ ಸಿಡಿಮದ್ದು ಸಿಡಿಸಿ, ಅದರ ಕಂಪನ ತಳಕ್ಕೆ ತಾಗಿ ಮರಳುವ ಸಮಯದಿಂದ ಹಿಮದ ದಪ್ಪವನ್ನು ಅಳೆದರು. ಐಸ್‌ಮಿಟ್ಟೆಯಲ್ಲಿ ಅದು ಎರಡೂವರೆ ಸಾವಿರ ಮೀಟರಿಗೂ ಹೆಚ್ಚು. ಗ್ರೀನ್‌ಲ್ಯಾಂಡಿನ ನೆಲ ಅಂಚಿನಲ್ಲಿ ಬೆಟ್ಟ, ನಡುವೆ ತಗ್ಗು ಇರುವ ಬೋಗುಣಿಯಂತಿದೆ ಎಂದು ತಿಳಿಯಿತು. ಆ ಬೋಗುಣಿಯ ಹಿಮವೆಲ್ಲ ಕರಗಿದರೆ ಲೋಕದ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆಂದು ಇಂದಿನ ಲೆಕ್ಕ.

ಬದುಕುಳಿದವರಲ್ಲಿ ಲೋವೆಯ ಮುಂದಿನ ಕಥೆಯೂ ಹೇಳುವಂಥದ್ದು. ಅವರು ಯಹೂದಿ ಮೂಲದವರು. ಹಿಟ್ಲರನ ಆಳ್ವಿಕೆ ಬಂದ ಮೇಲೆ ಜರ್ಮನಿಯನ್ನು ತೊರೆದು, ಇಂಗ್ಲೆಂಡಿನ ಮೂಲಕ ಆಸ್ಟ್ರೇಲಿಯಾ ಸೇರಿ, 1939ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಹವಾಮಾನ ವಿಜ್ಞಾನ ವಿಭಾಗವನ್ನು ಕಟ್ಟಿದರು. ಹಿಮದ ಗುಹೆಯಲ್ಲಿ ಬದುಕಿಸಿಕೊಂಡ ಜೀವ ಹಲವಾರು ವಿದ್ಯಾರ್ಥಿಗಳನ್ನು ಬೆಳೆಸಿತು.

ಇಂದಿನ ಕೇಂದ್ರಗಳು

1949ರಿಂದ 1951ರವರೆಗೆ ಫ್ರಾನ್ಸಿನ ತಂಡ ಐಸ್‌ಮಿಟ್ಟೆಯ ನೆರೆಯಲ್ಲೇ ಕೇಂದ್ರ ನಡೆಸಿತು. 1989ರಲ್ಲಿ ಇನ್ನೂ ಉತ್ತರಕ್ಕೆ, ಹಿಮದ ನೆತ್ತಿಯ ಮೇಲೆ ಅಮೆರಿಕದ ‘ಸಮ್ಮಿಟ್’ ಶಿಬಿರ ಆರಂಭವಾಯಿತು. ಸೋರ್ಗೆ 15 ಮೀಟರ್ ತೋಡಿದ್ದರು. 1993ರಲ್ಲಿ ಅಲ್ಲಿನ ಅಮೆರಿಕನ್ ಕೊರೆತ 3,053 ಮೀಟರ್ ಆಳಕ್ಕೆ ಹೋಗಿ ಬಂಡೆಯನ್ನು ಮುಟ್ಟಿತು. ಆ ಹಿಮದ ಕಂಬದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವರ್ಷಗಳ ಹವೆಯ ಗುರುತುಗಳಿವೆ. ಅದೇ ಎತ್ತರದ ನಾಡಿನಲ್ಲಿ, ಕ್ಲಿಂಕ್ ಎಂಬಲ್ಲಿದ್ದ ಒಂದು ಸ್ವಯಂಚಾಲಿತ ಯಂತ್ರ 1991ರ ಡಿಸೆಂಬರ್ 22ರಂದು ಸೊನ್ನೆಗಿಂತ 69.6 ಡಿಗ್ರಿ ಕೆಳಗಿನ ಉಷ್ಣತೆಯನ್ನು ದಾಖಲಿಸಿತ್ತು. ಉತ್ತರ ಗೋಳಾರ್ಧದ ಅತಿ ಕಡಿಮೆ ಉಷ್ಣತೆ ಅದೇ ಎಂದು ವಿಶ್ವ ಹವಾಮಾನ ಸಂಸ್ಥೆ ಗುರುತಿಸಿದ್ದು 2020ರಲ್ಲಿ. ಹಳೆಯ ದಾಖಲೆಯೊಂದು ಸುಮಾರು ಮೂವತ್ತು ವರ್ಷ ಸುಮ್ಮನೆ ಕುಳಿತಿದ್ದು ಬೆಳಕಿಗೆ ಬಂದ ಪರಿ ಇದು.

ಇನ್ನೊಂದು ದಿನವನ್ನು ಗುರುತು ಹಾಕಿಕೊಳ್ಳಿ: 2021ರ ಆಗಸ್ಟ್ 14. ಅಂದು ಸಮ್ಮಿಟ್ ಕೇಂದ್ರದಲ್ಲಿ ಮಳೆ ಬಿತ್ತು. ಅಲ್ಲಿ ಮಳೆಯನ್ನು ಕಂಡು ದಾಖಲಿಸಿದ್ದು ಅದೇ ಮೊದಲು. ಇದು ಹೊಸದು ಎಂದು ನಾವು ಹೇಗೆ ಹೇಳಬಲ್ಲೆವು? ಹಿಂದಿನವರು ದಿನದಿನವೂ ನೋಡಿ ಬರೆದಿಟ್ಟಿದ್ದಾರೆ, ಅದರಿಂದ. ಹಳೆಯ ಅಂಕಿಗಳಿಲ್ಲದೆ ಬದಲಾವಣೆ ಎಂಬ ಮಾತಿಗೆ ಅರ್ಥವಿಲ್ಲ.

ವೇಗೆನರ್ ಹುಟ್ಟಿ ನೂರು ವರ್ಷ ತುಂಬಿದ 1980ರಲ್ಲಿ ಜರ್ಮನಿಯು ಅವರ ಹೆಸರಿನಲ್ಲಿ ಧ್ರುವ ಸಂಶೋಧನಾ ಸಂಸ್ಥೆಯನ್ನು ತೆರೆಯಿತು. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, 79 ಡಿಗ್ರಿ ಉತ್ತರದಲ್ಲಿರುವ ನೀ-ಓಲೆಸುಂಡ್ ಎಂಬ ಪುಟ್ಟ ವಿಜ್ಞಾನದ ಹಳ್ಳಿಯಿಂದ ಆ ಸಂಸ್ಥೆಯವರು ದಿನವೂ ಬಲೂನು ಹಾರಿಸುತ್ತಾರೆ. ಅದೇ ಹಳ್ಳಿಯಲ್ಲಿ 2008ರ ಜುಲೈ 1ರಂದು ಭಾರತದ ‘ಹಿಮಾದ್ರಿ’ ಕೇಂದ್ರ ಆರಂಭವಾಯಿತು. 2023ರ ಡಿಸೆಂಬರ್‌ನಲ್ಲಿ ಭಾರತದ ನಾಲ್ವರು ವಿಜ್ಞಾನಿಗಳ ಮೊದಲ ಚಳಿಗಾಲದ ತಂಡ ಅಲ್ಲಿಗೆ ಹೋಯಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರತಿನಿಧಿಯೂ ಇದ್ದರು. ಇಂದು ಅಲ್ಲಿ ಬೆಚ್ಚನೆಯ ಮನೆಯಿದೆ, ವಿಮಾನವಿದೆ, ಮನೆಯವರೊಡನೆ ಮಾತಾಡುವ ಸೌಕರ್ಯವಿದೆ. ಕತ್ತಲೆ ಮಾತ್ರ ಹಿಂದಿನಷ್ಟೇ ಉದ್ದ. ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿ ನೋಡಿ ಬರೆಯುವ ಕೆಲಸವೂ ಹಾಗೆಯೇ ಉಳಿದಿದೆ.

ನೀವೂ ಇದನ್ನು ಆರಂಭಿಸಬಹುದು. ಒಂದು ಉಷ್ಣಮಾಪಕ, ಒಂದು ನೋಟ್‌ಬುಕ್, ಒಂದು ಗಡಿಯಾರ ಸಾಕು. ನೆರಳಿರುವ, ಗಾಳಿಯಾಡುವ ಒಂದೇ ಜಾಗದಲ್ಲಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೇ ವೇಳೆಗೆ ಓದಿ ಬರೆಯಿರಿ. ಮೋಡ ಎಷ್ಟು, ಗಾಳಿ ಯಾವ ಕಡೆಯಿಂದ ಎಂಬುದನ್ನೂ ಸೇರಿಸಿ. ಮೊದಲ ವಾರ ಉತ್ಸಾಹವಿರುತ್ತದೆ. ಮೂರನೆಯ ವಾರ ಬೇಸರ ಬರುತ್ತದೆ. ಓದದೆ ತಪ್ಪಿಹೋದ ಹೊತ್ತಿನ ಜಾಗವನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ವಿಜ್ಞಾನದ ಮೊದಲ ಪಾಠ ಅದು.